ಕಾಲಿಪಾ ಬಾಯಿಗೆ ಬಾರದ ಹೆಸರು

ಕೋಕ್-ಬುಲುಂಗ್ ಊರಿನಲ್ಲಿ ಅಡ್ಡಹೆಸರಿಲ್ಲದವರು ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಿಲ್ಲ ಎಂದೇ ಅರ್ಥ. ಮಗು ಸರಿಯಾಗಿ ಕಣ್ಣು ಬಿಡುವ ಮೊದಲೇ ಕಾಲಿಪಾ ತೊಟ್ಟಿಲೊಳಗೆ ಇಣುಕಿ ಒಂದು ಹೆಸರು ಎಸೆದು ಹೋಗಿರುತ್ತಾಳೆ. ತಾಯಿತಂದೆ ಯೋಚಿಸಿ ಇಟ್ಟ ಹೆಸರು ಶಾಲೆಗೆ, ಕಾಲಿಪಾ ಯೋಚಿಸದೆ ಇಟ್ಟದ್ದು ಊರಿಗೆ. ಶಾಲೆ ಮುಗಿದ ಮೇಲೆ ಮೊದಲನೆಯದು ಯಾರಿಗೂ ನೆನಪಿರುವುದಿಲ್ಲ.

ಈ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಅಂಟಿದ್ದು. ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡಬಾರದು. ಗಂಡನ ಹೆಸರಂತೂ ಕೇಳಲೇಬೇಡಿ. ಬೇರೆ ಸೊಸೆಯರು 'ದೊಡ್ಡವರು', 'ನಡುವಿನವರು', 'ಮಕ್ಕಳಪ್ಪ' ಎಂದು ಹೇಗೋ ಕಾಲ ತಳ್ಳುತ್ತಾರೆ. ಕಾಲಿಪಾಗೆ ಅಂಥ ಸಪ್ಪೆ ಸಾರು ಸೇರಲಿಲ್ಲ. ಮಾವನನ್ನು 'ಎತ್ತರದ ಟೋಪಿ' ಎಂದಳು. ಸಾಮೂಹಿಕ ಸಾಗುವಳಿಯ ಅಧ್ಯಕ್ಷನಾಗಿದ್ದ ಭಾವನಿಗೆ 'ರೇಡಿಯೋ' ಎಂದಳು. ಆ ಮನುಷ್ಯ ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ಮೈದಾನದಲ್ಲಿ ಸಾವಿರ ಜನ ಕೂತಿದ್ದಾರೆ ಎಂಬಂತೆ ಕೇಳುತ್ತಿದ್ದ. ಸಂಪ್ರದಾಯವನ್ನು ಒಂದು ಕೂದಲಿನಷ್ಟೂ ಮೀರದೆ ಸಂಪ್ರದಾಯದ ಮಾನ ಕಳೆಯುವುದು ಹೇಗೆಂದು ಕಾಲಿಪಾಳಿಂದ ಕಲಿಯಬೇಕು. ಅವಳು ಹೆಸರನ್ನೇ ಆಡಿಲ್ಲ, ಬೈಯುವುದು ಹೇಗೆ?

ಗಂಡನಿಗೆ ಹೆಸರು ಬಿದ್ದದ್ದು ಅವಳಿನ್ನೂ ಮದುಮಗಳಾಗಿ ಪರದೆಯ ಹಿಂದೆ ಕೂತಿದ್ದಾಗ. ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಹುಟ್ಟಾ ಅವಸರಗಾರ. ಮದುವೆಗೆ ಬಂದ ನೆಂಟರ ನಡುವೆ ನಿಂತು, ಒಲೆಯಿಂದ ಆಗ ತಾನೆ ಇಳಿಸಿದ ಮಾಂಸದ ಸಾರಿಗೆ ಬಾಯಿ ಹಾಕಲು ಹೊರಟ. ಪರದೆಯ ಸಂದಿಯಿಂದ ನೋಡುತ್ತಿದ್ದ ಕಾಲಿಪಾಗೆ ತಡೆಯಲಾಗಲಿಲ್ಲ. "ಶಾಶ್ಪಾ!" ಎಂದು ಕೂಗಿಬಿಟ್ಟಳು. ಹಾಗೆಂದರೆ 'ಅವಸರ ಮಾಡಬೇಡ'. ಮದುಮಗಳು ಬಾಯಿ ತೆಗೆದಳೆಂದು ನೆಂಟರು ಬಿದ್ದು ಬಿದ್ದು ನಕ್ಕರು, ಮದುಮಗ ಬಾಯಿ ಸುಟ್ಟುಕೊಂಡ. ಅಂದಿನಿಂದ ಅವನು ಶಾಶ್ಪಾ. ಊರಿಗೆ ಶಾಶ್ಪಾ, ಅಣ್ಣನ ಮಕ್ಕಳಿಗೆ ಶಾಶ್ಪಾ ಚಿಕ್ಕಪ್ಪ. ನಿಜವಾದ ಹೆಸರು ಅವನ ಗೋರಿಯ ಕಲ್ಲಿನ ಮೇಲಿದೆ, ಬೇಕಾದವರು ಹೋಗಿ ಓದಿಕೊಳ್ಳಲಿ. ಕಾಲಿಪಾ ಆಡದ ಹೆಸರನ್ನು ನಾನು ಮೊದಲೇ ಆಡಿಬಿಟ್ಟರೆ ಆ ಮನೆಯಲ್ಲಿ ನನಗೆ ಚಹಾ ಹುಟ್ಟುವುದಿಲ್ಲ.

ಶಾಶ್ಪಾಗೆ ಅಡ್ಡಹೆಸರಿನ ಮೇಲೆ ಸಿಟ್ಟಿರಲಿಲ್ಲ. ಒಂದೇ ಆಸೆ ಇತ್ತು: ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಒಂದು ಸಲ ಕೇಳಬೇಕು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದಾಗ, ಸುತ್ತ ನರಪಿಳ್ಳೆ ಇಲ್ಲದ ಕಡೆ ಅವಳನ್ನು ಗೋಗರೆಯುತ್ತಿದ್ದ.

"ಒಂದೇ ಒಂದ್ ಸಲ ಹೇಳೇ. ಇಲ್ಲಿ ಯಾರಿದಾರೆ ಕೇಳೋಕೆ? ನಾನು, ನೀನು, ಈ ಕುದುರೆ."

"ಕುದುರೆ ನಿಮ್ ಕಡೇದು. ನಾನು ಬರೋಕ್ ಮುಂಚೆನೇ ಆ ಮನೇಲಿತ್ತು. ಹಿರಿಯರ ಎದುರಿಗೆ ಹೆಂಗ್ ಹೇಳ್ಲಿ?" ಎನ್ನುತ್ತಿದ್ದಳು ಕಾಲಿಪಾ.

ಇಬ್ಬರೂ ನಗುತ್ತಿದ್ದರು. ವರ್ಷ ವರ್ಷವೂ ಅದೇ ಮಾತು, ಅದೇ ನಗು. ಕೊನೆಗೆ ಹಾಸಿಗೆ ಹಿಡಿದಾಗಲೂ ಕೇಳಿದ. "ನಾಳೆ ಹೇಳ್ತೀನಿ, ಮೊದ್ಲು ಈ ಸಾರು ಕುಡಿ" ಎಂದಳು. ಸಾರು ಕುಡಿದ. ನಾಳೆ ಮಾತ್ರ ಬರಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಅವನು ಅವಸರ ಮಾಡಬಾರದಿತ್ತು, ಆಗಲೇ ಮಾಡಿದ. ಆ ಮುಳ್ಳು ಕಾಲಿಪಾಳ ಎದೆಯಲ್ಲಿ ಇನ್ನೂ ಇದೆ. ಅವಳು ಯಾರಿಗೂ ಹೇಳಿಲ್ಲ, ಆದರೆ ಊರಿಗೆಲ್ಲ ಗೊತ್ತು.

ಈಗ ಕಳೆದ ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿಗೂ ಸರೋವರಕ್ಕೂ ನಡುವೆ ಬಂಡೆಗಳ ಬಯಲಿದೆ. ಬಂಡೆಗಳ ಮೇಲೆ ಯಾವುದೋ ಕಾಲದವರು ಕೊರೆದ ಕಾಡುಮೇಕೆಗಳು, ಜಿಂಕೆಗಳು, ಬಿಲ್ಲು ಹಿಡಿದ ಕಡ್ಡಿಯಂಥ ಮನುಷ್ಯರು. ನಮಗೆ ಅವು ಏಪ್ರಿಕಾಟ್ ಹಣ್ಣು ಒಣಗಿಸಲು ಹೇಳಿ ಮಾಡಿಸಿದ ಬಂಡೆಗಳು. ರಾಜಧಾನಿಯಿಂದ ಎಸೆನ್‌ಬೆಕ್ ಎಂಬ ಪಂಡಿತ ಬಂದು ಗುಡಾರ ಹೊಡೆದ. ದಿನವಿಡೀ ಮೊಣಕಾಲೂರಿ ಸಣ್ಣ ಕುಂಚದಿಂದ ಕಲ್ಲಿನ ಧೂಳು ಗುಡಿಸುತ್ತಿದ್ದನಾದ್ದರಿಂದ ಅದೇ ಸಂಜೆಗೆ 'ಪೊರಕೆ' ಆದ. ಅವನ ಜೊತೆ ಬಂದ ಬೇಗಾಯಿಮ್ ಜನರ ದನಿ ಹಿಡಿದಿಡುವ ಕಲಾವಿದೆ. ಸಣಕಲು ಹುಡುಗಿ, ಮೈತುಂಬ ವೈರು, ಕಿವಿಗೆ ಎರಡು ಬಟ್ಟಲು. ಅವಳು 'ತಂತಿ' ಆದಳು.

ಪೊರಕೆ ಮೊದಲ ದಿನವೇ ಕಾಲಿಪಾಳ ಹಣ್ಣುಗಳ ಮುಂದೆ ನಿಂತು ತಲೆ ಚಚ್ಚಿಕೊಂಡ. ನಮ್ಮಲ್ಲಿ ಹಿರಿಯ ಹೆಂಗಸರನ್ನು 'ಅಪಾ' ಎನ್ನುವುದು ವಾಡಿಕೆ.

"ಅಪಾ, ಇವು ಎರಡು ಸಾವಿರ ವರ್ಷದ ಹಿಂದಿನ ಮೇಕೆಗಳು! ಇವುಗಳ ಮೇಲೆ ಹಣ್ಣು ಹರಡ್ತಾರಾ?"

"ಹರಡಿದ್ರೆ ಏನಾಯ್ತೋ ಮಗಾ? ಇಷ್ಟು ವರ್ಷದಿಂದ ಒಣಗಿಸ್ತಿದೀನಿ, ಒಂದು ಹಣ್ಣಾದ್ರೂ ತಿಂದಿದ್ರೆ ಕೇಳು. ನಿಮ್ ಪಟ್ಟಣದ ಮೇಕೆಗಳಿಗಿಂತ ಮರ್ಯಾದಸ್ಥ ಮೇಕೆಗಳು."

ತಂತಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳು ಊಟಕ್ಕೂ ಚಹಾಕ್ಕೂ ಕಾಲಿಪಾಳ ಅಂಗಳಕ್ಕೇ ಬರತೊಡಗಿದಳು.

ಅವಳು ಮಾಡಬೇಕೆಂದಿದ್ದ ಕೆಲಸ ಇಷ್ಟು. ಆ ಕಾಲದವರು ತಮ್ಮ ನೆನಪನ್ನು ಕಲ್ಲಿನ ಮೇಲೆ ಬಿಟ್ಟುಹೋದರು, ಈ ಊರಿನವರು ತಮ್ಮದನ್ನು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಎರಡನ್ನೂ ಒಂದು ಕಡೆ ತರಬೇಕು. ಒಂದೊಂದು ಮನೆತನಕ್ಕೆ ಒಂದೊಂದು ಬಂಡೆ. ಬಂಡೆಯ ಪಕ್ಕ ಒಂದು ಪುಟ್ಟ ಪೆಟ್ಟಿಗೆ. ಗುಂಡಿ ಒತ್ತಿದರೆ ಆ ಮನೆಯವರು ತಮ್ಮ ಏಳು ತಲೆಮಾರಿನ ಹೆಸರು ಹೇಳುವುದು ಕೇಳಬೇಕು. ನಮ್ಮಲ್ಲಿ ಏಳು ತಲೆ ಗೊತ್ತಿಲ್ಲದವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಗಂಡಸರು ಸಾಲುಗಟ್ಟಿ ನಿಂತರು. ಬೇಗಾಯಿಮ್‌ಳದು ಒಂದೇ ಷರತ್ತು.

"ಕಾಗದ ನೋಡಿ ಓದೋ ಹಾಗಿಲ್ಲ. ಗೋರಿ ನೋಡ್ಕೊಂಡು ಬಂದು ಹೇಳೋ ಹಾಗೂ ಇಲ್ಲ. ಬಾಯಲ್ಲೇ ಉಳ್ಕೊಂಡಿರೋ ಹೆಸರು ಮಾತ್ರ ಬೇಕು."

ಕಾಲಿಪಾಳ ಮನೆತನದ ಪರವಾಗಿ ಭಾವನ ಹಿರಿಮಗ ತಾಲಾಯ್ ಹೇಳಿದ. ಅವಳ ಅಂಗಳದಲ್ಲೇ, ಅವಳು ಕೊಟ್ಟ ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, "ನಾನು ತಾಲಾಯ್, ಸುಯುನ್‌ಬಾಯ್ ಮಗ" ಎಂದು ಶುರುಮಾಡಿ ತನ್ನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಾಡಿ ಬಿಟ್ಟಹಾಗೆ ಬಿಟ್ಟ. ಗಾಡಿ ಎಲ್ಲೂ ನಿಲ್ಲಲಿಲ್ಲ. ಚಹಾ ಕಾಯಿಸುವ ಸಮೊವಾರಿಗೆ ನೀರು ತುಂಬುತ್ತಿದ್ದ ಕಾಲಿಪಾ ಚೊಂಬು ಹಿಡಿದು ನಿಂತೇ ಇದ್ದಳು.

"ಇನ್ನೊಬ್ರು?" ಎಂದಳು.

"ಯಾರು ಅಪಾ? ಓ, ಶಾಶ್ಪಾ ಚಿಕ್ಕಪ್ಪನಾ? ಇದು ಅಪ್ಪಂದಿರ ಸಾಲಲ್ವಾ. ಚಿಕ್ಕಪ್ಪ ಇದ್ರಲ್ಲಿ ಬರಲ್ಲ."

ತಪ್ಪೇನೂ ಹೇಳಲಿಲ್ಲ ಹುಡುಗ. ಕಾಲಿಪಾಗೂ ಶಾಶ್ಪಾಗೂ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವನು ಯಾರ ಏಳು ತಲೆಯಲ್ಲೂ ಬರುವುದಿಲ್ಲ. ಗೊತ್ತಿದ್ದ ವಿಷಯವೇ. ಆದರೆ ತನ್ನ ಕಿವಿಯಾರೆ ಆ ಸಾಲು ತನ್ನ ಗಂಡನನ್ನು ದಾಟಿಕೊಂಡು ಹೋದದ್ದನ್ನು ಕೇಳಿದಾಗ ಅವಳು ಚೊಂಬಿನ ನೀರನ್ನೆಲ್ಲ ಸಮೊವಾರಿನ ಹೊರಗೇ ಸುರಿದಳು. ಅದನ್ನು ಗಮನಿಸಿದ್ದ ಬೇಗಾಯಿಮ್ ಸಂಜೆ, ದಾರಿಯ ಪಕ್ಕ ಒಂದು ಸಣ್ಣ ಬಂಡೆ ಇದೆ, ಹಿಂಡಿಲ್ಲದ ಒಂಟಿ ಮೇಕೆ ಇರುವುದು, ಅದನ್ನು ಶಾಶ್ಪಾಗೆ ಕೊಡುತ್ತೇನೆ ಎಂದಳು. "ಹೆಸರು ನೀವೇ ಹೇಳಿ ಅಪಾ."

"ನಾನಾ? ಈ ವಯಸ್ಸಲ್ಲಿ ಮಾನ ಕಳ್ಕೊಳ್ಳೋಕಾ? ತಡಿ, ಹೇಳೋರನ್ನ ಹಿಡ್ಕೊಂಡ್ ಬರ್ತೀನಿ."

ಮೊದಲು ತಾಲಾಯ್‌ನನ್ನೇ ಹಿಡಿದಳು. ಬಿಸಿ ಬೊರ್ಸೋಕ್ ಹಿಟ್ಟಿನುಂಡೆ ಕರಿದು, ಕೆನೆ, ಜಾಮು ಇಟ್ಟು ಕೂರಿಸಿದಳು. ಅವನು ಬಾಯಿ ತುಂಬ ತಿಂದು, "ನನ್ನ ಚಿಕ್ಕಪ್ಪ ಶಾಶ್ಪಾ" ಎಂದ. ಅದಲ್ಲ, ಅಸಲಿ ಹೆಸರು ಎಂದಾಗ ಛಾವಣಿ ನೋಡಿದ. "ಗೋರಿ ಮೇಲೆ ಬರೆದಿದೆ ಅಲ್ವಾ? ಹೋಗಿ ನೋಡ್ಕೊಂಡ್ ಬರ್ಲಾ?" ಎಂದು ಎದ್ದೇಬಿಟ್ಟ. ಬೇಗಾಯಿಮ್ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಬಂದವನು ಜೂಸುಪ್. ಶಾಶ್ಪಾ ಜೊತೆ ಒಂದೇ ಟ್ರ್ಯಾಕ್ಟರಿನಲ್ಲಿ ಆಯಸ್ಸು ಸವೆಸಿದವನು. ಅವನು ಗೆಳೆಯನ ಗುಣಗಾನ ಮಾಡಿದ, ಅತ್ತ, ಮೂಗು ಒರೆಸಿಕೊಂಡ. ಟ್ರ್ಯಾಕ್ಟರಿನ ನಂಬರ್ ಕೂಡ ಹೇಳಿದ.

"ಹೆಸರು?" ಎಂದಳು ಬೇಗಾಯಿಮ್.

"ಶಾಶ್ಪಾ!" ಎಂದ ಜೂಸುಪ್ ಎದೆಯುಬ್ಬಿಸಿ. "ಅವನಿಗೆ ಬೇರೆ ಹೆಸರು ಬೇರೆ ಇತ್ತಾ? ನಂಗೆ ಹೇಳೇ ಇಲ್ವಲ್ಲ ಬಡ್ಡಿಮಗ!"

ಮುಲ್ಲಾ ಕೂಡ ಬಂದು ಕೆನೆ ತಿಂದು ಹೋದರು. ಮಣ್ಣು ಮಾಡಿದ ದಿನ ಪ್ರಾರ್ಥನೆಯಲ್ಲಿ ಹೆಸರು ಹೇಳಿದ್ದೇನೋ ನಿಜವಂತೆ, ಆದರೆ ಅಂದು ಯಾರೋ ಕಿವಿಯಲ್ಲಿ ಊದಿದ್ದನ್ನು ಹೇಳಿದ್ದಂತೆ.

ಕಾಲಿಪಾ ಕರಿದ ಬಾಣಲೆಯನ್ನು ತೊಳೆಯುತ್ತಾ ಕೂತಳು. ಮಾಡಿದ್ದುಣ್ಣೋ ಮಾರಾಯ ಎನ್ನುವುದು ಇದಕ್ಕೇ. ಅವಳ ಒಂದು ಕೀಟಲೆ ಗಂಡನ ಹೆಸರನ್ನು ಊರಿನ ಬಾಯಿಂದ ಪೂರ್ತಿ ಗುಡಿಸಿ ಹಾಕಿತ್ತು. ಪೊರಕೆಗಿಂತ ಚೆನ್ನಾಗಿ ಗುಡಿಸಿದ್ದಳು. ಇನ್ನು ಉಳಿದದ್ದು ಒಂದೇ ಬಾಯಿ, ಅದು ಸೋನುನ್‌ಳದು.

ಸೋನುನ್ ಅವಳ ಓರಗಿತ್ತಿ, ಅಧ್ಯಕ್ಷರ ಹೆಂಡತಿ, ಈಗ ವಿಧವೆ. ಮನೆಯ ಹಿರಿಸೊಸೆಯಾಗಿ ಅವಳು ಬಂದಾಗ ಶಾಶ್ಪಾ ಇನ್ನೂ ಸಣ್ಣ ಹುಡುಗ. ಕಿರಿಯ ಮೈದುನನ ಹೆಸರು ಹೇಳಲು ಅವಳಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇದ್ದದ್ದು ಕಾಲಿಪಾಗೆ, ಅವಳ ಮುಂದೆ ಹೋಗಿ ಕೈಯೊಡ್ಡಲು. ಓರಗಿತ್ತಿಯರದ್ದು ಎಣ್ಣೆ ಸೀಗೆಕಾಯಿ ಸಂಬಂಧ. 'ರೇಡಿಯೋ' ಎಂದದ್ದನ್ನು ಸೋನುನ್ ಇನ್ನೂ ಕ್ಷಮಿಸಿರಲಿಲ್ಲ. ಗಂಡನ ಶವ ಎತ್ತುವ ದಿನವೂ ಯಾರೋ ಗುಂಪಿನಲ್ಲಿ "ರೇಡಿಯೋ ನಿಂತ್ಹೋಯ್ತು" ಎಂದು ನಿಟ್ಟುಸಿರುಬಿಟ್ಟಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಕಾಲಿಪಾ ಹೊಸ ಶಾಲು ಹೊದ್ದು, ಒಂದು ಬುಟ್ಟಿ ಏಪ್ರಿಕಾಟ್ ಹಿಡಿದು ಹೋದಳು. ಸೋನುನ್ ಹಣ್ಣು ನೋಡಿದಳು, ಶಾಲು ನೋಡಿದಳು, ಮುಖ ನೋಡಲಿಲ್ಲ.

"ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

"ಒಂದು ಕೆಲಸ ಆಗ್ಬೇಕಿತ್ತು ಅಕ್ಕಾ."

"ಗೊತ್ತು. ಕೆನೆ ತಿಂದೋರೆಲ್ಲ ಈ ದಾರೀಲೇ ಮೀಸೆ ಒರೆಸ್ಕೊಂಡು ಹೋದ್ರು. ಹೇಳ್ತೀನಿ. ಮೊದ್ಲು ನೀನು ತಪ್ಪಾಯ್ತು ಅನ್ನು."

ಕಾಲಿಪಾ ಹಲ್ಲು ಕಚ್ಚಿದಳು. "ತಪ್ಪಾಯ್ತು."

"ಯಾವುದಕ್ಕೆ?"

"ಭಾವನ್ನ ರೇಡಿಯೋ ಅಂದಿದ್ದಕ್ಕೆ. ಅನ್ಬಾರ್ದಿತ್ತು. ರೇಡಿಯೋಗಾದ್ರೂ ಆರಿಸೋಕೆ ಒಂದು ಗುಂಡಿ ಇರ್ತದೆ."

ಸೋನುನ್‌ಳ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಗುವೋ ಸಿಟ್ಟೋ ಹೇಳುವುದು ಕಷ್ಟ. "ನಾಳೆ ಬರ್ತೀನಿ, ಚಹಾ ಸರಿಯಾಗಿ ಮಾಡು" ಎಂದಳು.

ಮಾರನೆಯ ದಿನ ಮಖಮಲ್ಲಿನ ನಿಲುವಂಗಿ ತೊಟ್ಟು, ಬೆಳ್ಳಗಿನ ವಸ್ತ್ರ ತಲೆಗೆ ಬಿಗಿದು ಬಂದಳು. ಒಳಕೋಣೆಯಲ್ಲಿ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಯಾರೂ ಹೇಳದಿದ್ದರೂ, ಹೋಗಿ ಕೂತಳು. ಬೇಗಾಯಿಮ್ ದನಿ ಹಿಡಿಯುವ ಪೆಟ್ಟಿಗೆಯ ಕೆಂಪು ದೀಪ ಹಚ್ಚಿದಳು. ಕಾಲಿಪಾ ಬಾಗಿಲ ಬಳಿ ಸಮೊವಾರಿನ ಪಕ್ಕ ಕೂತು ಸೋನುನ್‌ಗೆ ಚಹಾ ಬಗ್ಗಿಸಿದಳು.

"ನಮ್ ಮನೆ ಕಿರೀ ಮಗ," ಎಂದು ಸೋನುನ್ ಸಾವಕಾಶವಾಗಿ ಶುರುಮಾಡಿದಳು. "ನನ್ನ ಮೈದುನ. ಕೈ ಚುರುಕು, ಬಾಯಿ ಮೆದು. ಅವನ ಹೆಸರು…"

ನಿಲ್ಲಿಸಿದಳು. ಚಹಾ ಗುಟುಕರಿಸಿದಳು. ಹಣೆ ಉಜ್ಜಿಕೊಂಡಳು.

"ಅವನ ಹೆಸರು… ಅಯ್ಯೋ, ನಾಲಿಗೆ ತುದೀಲೇ ಇದೆ. ಅಸನ್? ಅಲ್ಲ, ಅಸನ್ ಅಂಚೆಯವನು."

ಕಾಲಿಪಾಳ ಕಣ್ಣು ದೊಡ್ಡದಾಯಿತು. ಕೈ ಬೀಸಿದಳು, ತುಟಿ ಕುಣಿಸಿದಳು, ಗಾಳಿಯಲ್ಲಿ ಏನೇನೋ ಬರೆದಳು. ಸೋನುನ್ ನೋಡಲೇ ಇಲ್ಲ.

"ಕಾದಿರ್? ಊಹೂಂ. ಹಾಂ, ಸಿಕ್ತು! ಮುರಾತ್! ಅಲ್ವಲ್ಲ… ಮುರಾತ್ ನಮ್ಮ ಕತ್ತೆ. ಬಿಳೀ ಮೂತಿದು. ಎಂಥಾ ಕತ್ತೆ ಅದು, ಸೌದೆ ಹೊತ್ರೆ…"

"ಕತ್ತೆ ಹೆಸರು ನೆನಪಿದೆ!" ಕಾಲಿಪಾ ಎದ್ದು ನಿಂತಿದ್ದಳು. "ಕತ್ತೆ ಹೆಸರು ನೆನಪಿದೆ, ಮನುಷ್ಯನ ಹೆಸರು ನೆನಪಿಲ್ವಾ ನಿಂಗೆ? ನಿನ್ನ ಸೌದೆ ಒಡೆದವನು, ನಿನ್ನ ಮಕ್ಕಳನ್ನ ಹೆಗಲ ಮೇಲೆ ಹೊತ್ತು ತಿರುಗಿಸ್ದವನು, ನಿನ್ನ ಗಂಡ ಭಾಷಣ ಬಿಗೀತಿದ್ರೆ ನಿನ್ನ ಹೊಲ ಉತ್ತವನು! ಓಮುರ್ಜಾಕ್ ಕಣೇ! ಓಮುರ್ಜಾಕ್! ಮುರಾತ್ ಅಂತೆ! ಓಮುರ್ಜಾಕ್ ಅನ್ನೋಕೆ ಏನು ರೋಗ ನಿಂಗೆ, ಮರೆಗುಳಿ ಮುದುಕಿ!"



ಕಾಲಿಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಕೈ ತೆಗೆದು, ಅಂಗಿಯ ಕೊರಳುಪಟ್ಟಿ ಎಳೆದು, ದೋಷ ಹೋಗಲೆಂದು ಅದರೊಳಕ್ಕೆ ಥೂ ಥೂ ಎಂದು ಉಗಿದುಕೊಂಡಳು. ಸೋನುನ್ ಬಟ್ಟಲಿನ ಚಹಾ ಮುಗಿಸಿದಳು.

"ಹಾಂ, ಅದೇ," ಎಂದಳು. "ಓಮುರ್ಜಾಕ್."

"ನಿಂಗೆ ಗೊತ್ತಿತ್ತು!"

"ಗೊತ್ತಿಲ್ದೇ ಏನು? ನಾನು ಈ ಮನೆಗೆ ಬಂದಾಗ ಅದಕ್ಕೆ ಚಡ್ಡಿ ಹಾಕೊಳ್ಳೋಕೂ ಬರ್ತಿರ್ಲಿಲ್ಲ. ಚಡ್ಡಿ ಕೈಲಿ ಹಿಡ್ಕೊಂಡು ಅದರ ಹೆಸರು ಕೂಗ್ತಾ ಊರೆಲ್ಲ ಓಡಿದೋಳು ನಾನು. ನಾನು ಹೇಳಿದ್ರೆ ಏನ್ ಬಂತು? ಅವನು ನನ್ನ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದ. ನಿನ್ನ ಬಾಯಲ್ಲಿ ಕೇಳ್ಬೇಕು ಅಂತ ನನ್ನ ಹತ್ರ ಬಂದು ಅಳ್ತಿದ್ದ, ಕಲ್ಲೆದೆಯೋಳೇ."

ಬೇಗಾಯಿಮ್ ಹೆದರಿಕೊಂಡು ಕೇಳಿದಳು, "ಅಪಾ, ಬೈದಿದ್ದು ಎಲ್ಲಾ ಸೇರ್ಕೊಂಡಿದೆ. ಅಳಿಸ್ಲಾ?"

"ಅಳಿಸಿದ್ರೆ ಕೈ ಮುರೀತೀನಿ. ಹಾಕು ಅದನ್ನ, ಕೇಳ್ಬೇಕು," ಎಂದಳು ಕಾಲಿಪಾ.

ಬೇಗಾಯಿಮ್ ಹಾಕಿದಳು. ಕಾಲಿಪಾ ಪೆಟ್ಟಿಗೆಯ ಹತ್ತಿರ ಕಿವಿ ತಂದು ತನ್ನದೇ ಧ್ವನಿ ತನ್ನ ಗಂಡನನ್ನು ಹೆಸರು ಹಿಡಿದು ಕೂಗುವುದನ್ನು ಕೇಳಿದಳು. ಮುದಿ, ಒಡಕು ಗಂಟಲು, ಜಗಳಗಂಟಿಯ ಗಂಟಲು. ಮೊದಲ ಸಲ ಕೇಳಿ ನಕ್ಕಳು. ಎರಡನೇ ಸಲ ಹಾಕಿಸಿಕೊಂಡಾಗ ಅವಳ ಮುಖ ಕಿವುಚಿಕೊಂಡಿತು, ಕಣ್ಣೀರು ಮೂಗಿನ ಪಕ್ಕ ಇಳಿದು ಗಲ್ಲದ ತನಕ ಬಂತು. ಒರೆಸಿಕೊಳ್ಳಲಿಲ್ಲ. "ಎಷ್ಟು ಸುಲಭದ ಹೆಸರು," ಎಂದಳು. "ಏನ್ ಕಷ್ಟ ಆಗಿತ್ತು ನಂಗೆ?" ಸೋನುನ್ ಅವಳ ತಲೆಯ ವಸ್ತ್ರವನ್ನು ಸರಿಮಾಡಿ ಕಟ್ಟಿದಳು.  ಆ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳ ತಲೆ ಮುಟ್ಟಿದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

ಬೇಗಾಯಿಮ್ ವೈರು ಸುತ್ತತೊಡಗಿದಳು.

"ಆ ಕೆಂಪು ದೀಪ ಇರ್ಲಿ ಬಿಡು," ಎಂದಳು ಸೋನುನ್, ಗೋಡೆ ನೋಡುತ್ತಾ. "ನೀವಿಬ್ರೂ ಆಚೆ ಹೋಗಿ. ಬಾಗಿಲು ಹಾಕ್ಕೊಂಡು ಹೋಗಿ."

"ಯಾಕೆ ಅಕ್ಕಾ?"

"ಯಾಕೆ ಅಂತ ಕೇಳ್ದೇ ಇರೋದು ನಿನ್ನ ಹಣೇಲಿ ಬರೆದೇ ಇಲ್ವಾ? ಹೋಗೇ."

ಇಬ್ಬರೂ ಅಂಗಳಕ್ಕೆ ಬಂದರು. ಊರಿನಲ್ಲಿ ಕಾಲಿಪಾಳ ಕಿವಿ ಅಂಟದ ಬಾಗಿಲಿಲ್ಲ. ಅಭ್ಯಾಸಬಲದಿಂದ ಕಾಲು ತಾನೇ ತಾನಾಗಿ ಬಾಗಿಲ ಕಡೆ ತಿರುಗಿತು. ಎರಡು ಹೆಜ್ಜೆ ಹಾಕಿದವಳು ನಿಂತುಬಿಟ್ಟಳು. ಸುಯುನ್‌ಬಾಯ್! ಸೋನುನ್‌ಳ ಗಂಡನ ಹೆಸರು. ಶಾಲೆಗೆ ಆ ಹೆಸರಿದೆ, ಬೀದಿಗಿದೆ, ಬಸ್ಸಿನವರು ನಿಲ್ದಾಣ ಬಂತೆಂದು ಕೂಗುವುದೂ ಅದನ್ನೇ. ಜಿಲ್ಲೆಯ ಬಾಯಲ್ಲೆಲ್ಲ ಇರುವ ಆ ಹೆಸರು ಒಬ್ಬಳ ಬಾಯಲ್ಲಿ ಮಾತ್ರ ಇಷ್ಟು ವರ್ಷವೂ 'ಹುಡುಗರಪ್ಪ' ಆಗಿಯೇ ಉಳಿದಿತ್ತು. ಊರಿಗೆಲ್ಲ ಹೆಸರಿಟ್ಟ ಕಾಲಿಪಾಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ಒಳಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ಕಾಲಿಪಾ ಬೇಲಿಯ ಮೇಲೆ ಒಣಗಲು ಹಾಕಿದ್ದ ತಪ್ಪಲೆ ಕಿತ್ತುಕೊಂಡು, ಸೌಟಿನಿಂದ ಢಣಢಣ ಬಡಿಯತೊಡಗಿದಳು. ಕೋಳಿಗಳು ದಿಕ್ಕಾಪಾಲಾದವು. ಪಕ್ಕದ ಮನೆಯ ನಾಯಿ ಊಳಿಟ್ಟಿತು.

"ಏನ್ ಮಾಡ್ತಿದೀರ ಅಪಾ?" ಎಂದಳು ಬೇಗಾಯಿಮ್ ಕಿವಿ ಮುಚ್ಚಿಕೊಂಡು.

"ಕಾಗೆ ಓಡಿಸ್ತಿದೀನಿ."

"ಕಾಗೆ ಎಲ್ಲಿದೆ?"

"ಬಂದ್ರೆ? ನೀನೂ ಒಂದು ತಗೋ, ಬಡಿ!"

ಅವಳು ಬಡಿದೇ ಬಡಿದಳು. ಕೈ ಸೋತು ನಿಲ್ಲಿಸಬೇಕೆನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಸೋನುನ್ ಹೊಸ್ತಿಲಲ್ಲಿ ನಿಂತಿದ್ದಳು. ತಲೆಯ ವಸ್ತ್ರ ಒಂದು ಕಡೆ ಜಾರಿತ್ತು, ಮೂಗು ಕೆಂಪಾಗಿತ್ತು.

"ಏನೇ ಅದು ನಿನ್ನ ಗಲಾಟೆ!" ಎಂದು ಗದರಿದಳು. "ನಾನು ಹೇಳಿದ್ದು ನನಗೇ ಕೇಳಿಸ್ಲಿಲ್ಲ. ಈಗ ಮತ್ತೆ ಮೊದಲಿಂದ ಹೇಳ್ಬೇಕು."

ಬಾಗಿಲು ಹಾಕಿಕೊಂಡಳು. ಕಾಲಿಪಾ ತಪ್ಪಲೆಯನ್ನು ಮತ್ತೆ ಎತ್ತಿಕೊಂಡಳು.